ಆರನೇ ಕೋಣೆಯ ಕರೆಗಂಟೆ

ಕರೆಗಂಟೆ ಹೊಡೆದಾಗ ಜೇಡಮ್ಮ ಹಳೇ ಬ್ಲಾಕಿನ ಕಾರಿಡಾರಿನಲ್ಲಿ ಮಂಡಿಯೂರಿ, ಗೋಡೆಗೆ ಜಡಿದ ಕಬ್ಬಿಣದ ಬೀರುವಿನೊಳಗೆ ತಲೆ ತೂರಿಸಿಕೊಂಡಿದ್ದಳು. ಒಳಗೆ ಎರಡು ಹಳೆಯ ನೆಟ್‌ವರ್ಕ್ ಸ್ವಿಚ್ಚುಗಳು, ಕಂಪ್ಯೂಟರುಗಳ ವೈರೆಲ್ಲ ಬಂದು ಸೇರುವ ಯಂತ್ರಗಳು, ಧೂಳು ಮೆತ್ತಿಕೊಂಡು ಗುಂಯ್‌ಗುಡುತ್ತಿದ್ದವು. ಅವುಗಳ ಬೆನ್ನ ಮೇಲಿನ ಅಕ್ಷರ ಓದಲು ಬಾಯಲ್ಲಿ ಟಾರ್ಚು ಕಚ್ಚಿಕೊಂಡು ಅವಳು ಕತ್ತನ್ನು ಅಡ್ಡಡ್ಡ ತಿರುಗಿಸುತ್ತಿದ್ದಾಗ, ಕಾರಿಡಾರಿನ ತುದಿಯ ನರ್ಸುಗಳ ಮೇಜಿನಿಂದ ಟಿಂಗ್ ಟಿಂಗ್ ಎಂಬ ಸದ್ದು ಬಂತು. ಮಧ್ಯಾಹ್ನದ ಊಟ ಮುಗಿದು ರೋಗಿಗಳು ಕಣ್ಣು ಮುಚ್ಚುವ ಹೊತ್ತು. ಆ ಮೌನದಲ್ಲಿ ಸದ್ದು ತುಸು ಹೆಚ್ಚೇ ದೊಡ್ಡದಾಗಿ ಕೇಳಿಸಿತು.

ಮೇಜಿನ ಹಿಂದಿನಿಂದ ದೊಡ್ಡಕ್ಕ ಎದ್ದರು. ಅವರು ಹಳೇ ಬ್ಲಾಕಿನ ಮುಖ್ಯ ನರ್ಸು. ಆಸ್ಪತ್ರೆಗೆ ಆಸ್ಪತ್ರೆಯೇ ಅವರನ್ನು ದೊಡ್ಡಕ್ಕ ಎನ್ನುತ್ತಿತ್ತು, ಅವರಿಗಿಂತ ವಯಸ್ಸಾದ ಡಾಕ್ಟರುಗಳೂ ಸೇರಿ. ಜೇಡಮ್ಮನ ಪಕ್ಕದಲ್ಲೇ ಚಪ್ಪಲಿ ಎಳೆಯುತ್ತ ಹಾದು, ಕಂಬಿಯ ಗೇಟು ಸರಿಸಿ, ಅವರು ಆಚೆ ಕಡೆಯ ಕೋಣೆಗಳತ್ತ ಹೋದರು. ಅಲ್ಲಿ ರೋಗಿಗಳಿರಲಿಲ್ಲ. ಛಾವಣಿ ಸೋರುತ್ತದೆಂದು ಆ ಸಾಲಿನ ಕೋಣೆಗಳನ್ನು ಖಾಲಿ ಮಾಡಿಸಿ ವರ್ಷಗಳೇ ಆಗಿದ್ದವು. ಸದ್ದು ನಿಂತಿತು. ಆದರೆ ದೊಡ್ಡಕ್ಕ ತಕ್ಷಣ ಹಿಂತಿರುಗಲಿಲ್ಲ.

ಜೇಡಮ್ಮ ಬಾಯಿಂದ ಟಾರ್ಚು ತೆಗೆದು ಕಾದಳು. ಅವರು ಬಂದ ಮೇಲೆ ಕೇಳಿದಳು:

"ಅಲ್ಲಿ ಯಾರಿದಾರೆ ದೊಡ್ಡಕ್ಕ?"

"ಯಾರೂ ಇಲ್ಲ."

"ಮತ್ತೆ ಬೆಲ್ಲು?"

"ಆರನೇ ಕೋಣೆಯದು. ಆಗಾಗ ಹೀಗೆ ಹೊಡೀತಿರತ್ತೆ. ಯಾರಾದ್ರೊಬ್ಬರು ಹೋಗಿ ನಿಲ್ಲಿಸ್ತೀವಿ."

"ನಿಲ್ಲಿಸೋಕೆ ಇಷ್ಟು ಹೊತ್ತಾ?"

"ಹೋದ ಮೇಲೆ ಸ್ವಲ್ಪ ಹೊತ್ತು ನಿಂತು ಬರೋದು. ಕೋಣೆ ಮುಚ್ಚಿದಾಗಿಂದ ಹಾಗೇ ನಡ್ಕೊಂಡು ಬಂದಿದೆ. ಕರೀತಿದಾರೆ ಅಂತ ಹೋಗಿ, ಮುಖ ತೋರಿಸಿದ ಹಾಗೆ ಮಾಡಿ ಓಡಿ ಬರೋಕಾಗತ್ತಾ?"

ಜೇಡಮ್ಮನಿಗೆ ನಗು ತಡೆಯಲಾಗಲಿಲ್ಲ. ದೊಡ್ಡಕ್ಕ ಬೇಸರ ಮಾಡಿಕೊಳ್ಳಲಿಲ್ಲ. ತಮ್ಮ ಮೇಜಿಗೆ ಹೋಗಿ, ಅರ್ಧ ಕುಡಿದಿಟ್ಟ ಚಹಾದ ಲೋಟಕ್ಕೆ ಕೈ ಹಾಕಿದರು.

ಜೇಡಮ್ಮ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಆಸ್ಪತ್ರೆಯ ನೆಟ್‌ವರ್ಕು ಅವಳ ಸುಪರ್ದಿಗೆ ಬಂದು ಬಹಳ ಕಾಲವಾಗಿತ್ತು. ಯಾವಾಗ ನೋಡಿದರೂ ವೈರುಗಳ ನಡುವೆ, ಯಾವುದಾದರೊಂದು ಮೂಲೆಯಲ್ಲಿ ಮುದುಡಿಕೊಂಡು ಕೂತಿರುತ್ತಿದ್ದಳಾದ್ದರಿಂದ ಯಾರೋ ಆ ಹೆಸರು ಅಂಟಿಸಿದರು. ಎದುರಿಗೆ ಮೇಡಂ, ಬೆನ್ನ ಹಿಂದೆ ಜೇಡಮ್ಮ. ಅವಳಿಗೂ ಗೊತ್ತಿತ್ತು, ಒಳಗೊಳಗೇ ಅದು ಇಷ್ಟವೂ ಆಗಿತ್ತು.

ಈಗ ಆ ಬಲೆಯನ್ನೇ ಬಿಚ್ಚಿ ಹೊಸದಾಗಿ ನೇಯುವ ಕೆಲಸ ಬಂದಿತ್ತು. ಹಳೆಯ ವ್ಯವಸ್ಥೆಯಲ್ಲಿ ಒಂದೊಂದು ಸ್ವಿಚ್ಚಿಗೂ ತನ್ನದೇ ಬುದ್ಧಿ. ಎಲ್ಲಿಂದ ಬಂದ ಮಾತನ್ನು ಎಲ್ಲಿಗೆ ದಾಟಿಸಬೇಕೆಂದು ಅದೇ ತೀರ್ಮಾನಿಸುತ್ತಿತ್ತು. ಏನಾದರೂ ಬದಲಿಸಬೇಕೆಂದರೆ ಜೇಡಮ್ಮ ಲ್ಯಾಪ್‌ಟಾಪು ಹೊತ್ತು ಮಹಡಿಯಿಂದ ಮಹಡಿಗೆ ಅಲೆದು ಒಂದೊಂದರ ಕಿವಿಯಲ್ಲೂ ಹೇಳಿ ಬರಬೇಕಿತ್ತು. ಹೊಸದರಲ್ಲಿ ಬುದ್ಧಿಯೆಲ್ಲ ಒಂದೇ ಕಡೆ, ಕಂಟ್ರೋಲರ್ ಎಂಬ ಸಾಫ್ಟ್‌ವೇರಿನಲ್ಲಿ. ಸ್ವಿಚ್ಚುಗಳು ಹೇಳಿದ್ದು ಕೇಳಿಕೊಂಡು ಬಿದ್ದಿರುತ್ತವೆ. ಗೊತ್ತಿಲ್ಲದ್ದು ಎದುರಾದರೆ ಮೇಲಕ್ಕೆ ಕೇಳುತ್ತವೆ. ಅವಳು ತನ್ನ ಕುರ್ಚಿಯಲ್ಲಿ ಕೂತು ಒಂದು ಸಾಲು ಬರೆದರೆ ಸಾಕು, ಆಸ್ಪತ್ರೆಯ ಉದ್ದಗಲಕ್ಕೂ ಅದೇ ಕಾನೂನು.

ಕೇಳಲು ಚೆನ್ನಾಗಿತ್ತು. ಆದರೆ ಎಲ್ಲ ಸ್ವಿಚ್ಚುಗಳಿಗೂ ಕಂಟ್ರೋಲರಿನ ಭಾಷೆ ಬರಬೇಕಲ್ಲ? ಕೆಲವಕ್ಕೆ ಬರುತ್ತಿತ್ತು. ಕೆಲವಕ್ಕೆ ಒಳಗಿನ ಸಾಫ್ಟ್‌ವೇರು ಹೊಸದು ಮಾಡಿದರೆ ಕಲಿಯುತ್ತಿದ್ದವು. ಕೆಲವು, ಬರುತ್ತದೆಂದು ಡಬ್ಬದ ಮೇಲೆ ದೊಡ್ಡದಾಗಿ ಬರೆಸಿಕೊಂಡು ಬಂದಿದ್ದವು. ಮಾತಾಡಿಸಿ ನೋಡಿದರೆ ತೊದಲು. ಕಬ್ಬಿಣದ ಬೀರುವಿನಲ್ಲಿದ್ದಂಥ ಮುದಿ ಸ್ವಿಚ್ಚುಗಳನ್ನು ಕಿತ್ತು ಹಾಕುವುದೊಂದೇ ದಾರಿ. ಎಲ್ಲಕ್ಕಿಂತ ತಲೆನೋವೆಂದರೆ ರೋಗಿಗಳ ಹಾಸಿಗೆ ಪಕ್ಕದ ಕರೆಗಂಟೆಯ ಪೆಟ್ಟಿಗೆಗಳು. ಅವನ್ನು ಮಾಡಿದ ಕಂಪನಿ ಯಾವಾಗಲೋ ಬಾಗಿಲು ಹಾಕಿಕೊಂಡಿತ್ತು. ಅವು ಆಡುವ ಮಾತು ಯಾವ ಹೊಸ ಯಂತ್ರಕ್ಕೂ ತಿಳಿಯದು. ಕೊನೆಗೆ ಜೇಡಮ್ಮ ಪೆಟ್ಟಿಗೆಗಳಿಗೂ ಕಂಟ್ರೋಲರಿಗೂ ನಡುವೆ ನಿಂತು ಅನುವಾದ ಮಾಡುವ ಯಂತ್ರಗಳನ್ನು ತರಿಸಿದಳು, ಹಳೇ ಬ್ಲಾಕಿಗೊಂದು, ಹೊಸ ಬ್ಲಾಕಿಗೊಂದು. ಅದಕ್ಕೆ ದುಭಾಷಿ ಎಂದು ಹೆಸರಿಟ್ಟವನು ಗಂಟೆಮಾಮ.

ಗಂಟೆಮಾಮ ಎಂದರೆ ಕರೆಗಂಟೆಗಳ ಮೆಕ್ಯಾನಿಕ್ಕು. ಸದಾ ಸ್ಕ್ರೂಡ್ರೈವರನ್ನು ಕಿವಿಗೆ ಸಿಕ್ಕಿಸಿಕೊಂಡಿರುವ, ಯಾರು ಏನು ಕೇಳಿದರೂ ಆಗಲ್ಲ ಎನ್ನದ ಮನುಷ್ಯ. ಅವನೂ ಜೇಡಮ್ಮನೂ ಕೋಣೆ ಕೋಣೆ ಸುತ್ತಿದರು. ಪ್ರತಿ ಪೆಟ್ಟಿಗೆಗೂ ಹುಟ್ಟುವಾಗಲೇ ಕೊಟ್ಟ ಒಂದು ನಂಬರು ಇರುತ್ತದೆ. ಗಂಟೆಮಾಮ ಗುಂಡಿ ಒತ್ತುವುದು, ಜೇಡಮ್ಮನ ಪರದೆಯ ಮೇಲೆ ನಂಬರು ಬರುವುದು, ಅದರ ಮುಂದೆ ಅವಳು ಕೋಣೆಯ ಹೆಸರು ಟೈಪು ಮಾಡುವುದು. ದುಭಾಷಿ ನಂಬರನ್ನಷ್ಟೇ ದಾಟಿಸುತ್ತಿತ್ತು. ಅದು ಯಾವ ಕೋಣೆ ಎಂಬುದು ಅವಳು ಟೈಪು ಮಾಡಿದ್ದರಿಂದ ಮಾತ್ರ ಗೊತ್ತಾಗಬೇಕು.

ಆರನೇ ಕೋಣೆಗೂ ಹೋದರು. ಹಾಸಿಗೆ ತೆಗೆದ ಕಬ್ಬಿಣದ ಮಂಚ, ತೇವಕ್ಕೆ ಹೊಟ್ಟೆ ಉಬ್ಬಿದ ಗೋಡೆ, ಕಿಟಕಿಯಾಚೆ ಹೊಸ ಬ್ಲಾಕಿನ ಗಾಜುಗಳು. "ನೀರು ಇಳಿದು ವೈರು ಒಂದಕ್ಕೊಂದು ತಾಗ್ತಿರಬೇಕು ಮೇಡಂ," ಎಂದ ಗಂಟೆಮಾಮ. ಪೆಟ್ಟಿಗೆ ಬಿಚ್ಚಿ ನೋಡಿದ. ಒಳಗೆಲ್ಲ ಒಣಗಿಯೇ ಇತ್ತು. ಅವನು ಮುಚ್ಚಿ ಸ್ಕ್ರೂ ಬಿಗಿದ.

ಈ ಓಡಾಟದ ನಡುವೆ ಜೇಡಮ್ಮನ ಫೋನು ಜೇಬಿನಲ್ಲಿ ಬೆಳಗುತ್ತಲೇ ಇರುತ್ತಿತ್ತು. ಬೆಳಗುತ್ತಿತ್ತಷ್ಟೇ, ಸದ್ದು ಮಾಡುತ್ತಿರಲಿಲ್ಲ. ಮನೆಯಲ್ಲಿ ಇದ್ದದ್ದು ಅವಳು ಮತ್ತು ಅವಳ ಅಮ್ಮ ಇಬ್ಬರೇ. ಮಗಳು ಮೆಟ್ಟಿಲಿಳಿಯುವುದೇ ತಡ, ಅಮ್ಮನ ಫೋನು ಶುರು. ಗ್ಯಾಸು ಆರಿಸಿದ್ಯಾ? ಬಿಳಿ ಬೆಕ್ಕು ಮತ್ತೆ ಬಾಲ್ಕನಿಗೆ ಬಂದಿದೆ ಕಣೇ. ಟೀವಿಲಿ ನಿಮ್ಮ ಆಸ್ಪತ್ರೆ ತೋರಿಸ್ತಿದಾರೆ, ಅಲ್ಲ ಅಲ್ಲ, ಬೇರೆ ಯಾವುದೋ. ಮೊದಮೊದಲು ಜೇಡಮ್ಮ ರೇಗಿದಳು. ಆಮೇಲೆ ಜಾಣತನ ಮಾಡಿ ಅಮ್ಮನ ನಂಬರಿಗೆ ಮಾತ್ರ ಸದ್ದು ತೆಗೆದುಬಿಟ್ಟಳು. ಎಲ್ಲರ ಕರೆಯೂ ಕೇಳುತ್ತಿತ್ತು, ಅಮ್ಮನದೊಂದು ಬಿಟ್ಟು.

ಹೊಸ ವ್ಯವಸ್ಥೆಯನ್ನು ಪರೀಕ್ಷೆಗೆ ಹಚ್ಚಿದ ದಿನ ಆಸ್ಪತ್ರೆಯ ನಿರ್ದೇಶಕರೇ ಅವಳ ಕೋಣೆಗೆ ಬಂದರು. ಗೋಡೆಯಗಲದ ಪರದೆಯ ಮೇಲೆ ಇಡೀ ಆಸ್ಪತ್ರೆಯ ನಕ್ಷೆ. ಪ್ರತಿ ಕರೆಗಂಟೆಯೂ ಒಂದು ಹಸಿರು ಚುಕ್ಕೆ. ರೋಗಿ ಕರೆದರೆ ಕೆಂಪಾಗುತ್ತದೆ, ಯಾರಾದರೂ ಹೋಗಿ ನಿಲ್ಲಿಸಿದರೆ ಮತ್ತೆ ಹಸಿರು. ನಿರ್ದೇಶಕರು ಹಿಗ್ಗಿದರು. ಅಷ್ಟರಲ್ಲಿ ಹಳೇ ಬ್ಲಾಕಿನ ಕೊನೆಯಲ್ಲಿ, ಉಳಿದ ಚುಕ್ಕೆಗಳಿಂದ ದೂರದಲ್ಲಿ, ಒಂದು ಚುಕ್ಕೆ ಕೆಂಪಾಯಿತು.

"ಅದು ಮುಚ್ಚಿದ ಕೋಣೆ ಅಲ್ವೇನಮ್ಮ?"

"ಹೌದು ಸಾರ್. ತೇವಕ್ಕೆ ಹಾಗಾಗ್ತಿದೆ ಅನ್ಸತ್ತೆ."

"ಬೇರೆ ಆಸ್ಪತ್ರೆಯವರು ಇದನ್ನ ನೋಡೋಕೆ ಬರ್ತಾರೆ. ಅವರ ಮುಂದೆ ಖಾಲಿ ಕೋಣೆಯಿಂದ ಬೆಲ್ಲು ಹೊಡೆದರೆ ನಕ್ಕುಬಿಡ್ತಾರೆ. ಏನಾದ್ರೂ ಮಾಡಿ."

ಗಂಟೆಮಾಮನನ್ನು ಕರೆಸಿ ಪೆಟ್ಟಿಗೆಯನ್ನು ಗೋಡೆಯಿಂದ ಕೀಳಿಸಬಹುದಿತ್ತು. ಅವನು ಅವತ್ತು ಹೊಸ ಬ್ಲಾಕಿನ ಮೇಲಿನ ಮಹಡಿಯಲ್ಲಿದ್ದ. ಹಳೆಯ ಕಾಲವಾಗಿದ್ದರೆ ಜೇಡಮ್ಮನೇ ಎದ್ದು ಹೋಗಿ ಆ ಬೀರುವಿನ ಮುಂದೆ ಮಂಡಿಯೂರಿ, ಆ ಒಂದು ವೈರನ್ನು ಎಳೆದು ಬರುತ್ತಿದ್ದಳು. ಈಗ ಏಳುವ ಗೋಜೇ ಇರಲಿಲ್ಲ. ಕೂತಲ್ಲೇ ಒಂದು ಸಾಲು ಬರೆದಳು: ಈ ನಂಬರಿನಿಂದ ಬಂದದ್ದನ್ನು ಎಲ್ಲಿಯೂ ದಾಟಿಸಬೇಡ. ಚುಕ್ಕೆ ಹಸಿರಾಯಿತು. ಕಾರಿಡಾರಿನಲ್ಲಿ ಸದ್ದು ನಿಂತಿತು. ಆ ಸಾಲಿನ ಪಕ್ಕದಲ್ಲಿ, ಎಷ್ಟು ಸಲ ತಡೆದೆ ಎಂದು ಕಂಟ್ರೋಲರ್ ಇಟ್ಟುಕೊಳ್ಳುವ ಎಣಿಕೆಯೊಂದು ಮಾತ್ರ ಮೂಡಿತು. ನಿರ್ದೇಶಕರು ಭೇಷ್ ಎಂದರು.

ಆ ಮಧ್ಯಾಹ್ನ ದೊಡ್ಡಕ್ಕ ಅವಳ ಕೋಣೆಯ ಬಾಗಿಲಿಗೆ ಬಂದು ನಿಂತರು. ಹಿಂದೆ ಎಂದೂ ಬಂದವರಲ್ಲ.

"ಆರನೇದು ಬಾಯಿ ಮುಚ್ಚಿದೆ. ನೀನೇನಾ?"

"ಹೂಂ. ಇನ್ನು ನಿಮಗೆ ಆ ಓಡಾಟ ಇಲ್ಲ ನೋಡಿ."

"ಹೊಡೀತಾ ಇಲ್ವೋ, ಹೊಡೆದದ್ದು ನಮಗೆ ಕೇಳ್ತಾ ಇಲ್ವೋ?"

ಜೇಡಮ್ಮ ಪರದೆ ನೋಡಿದಳು. ಎಣಿಕೆ ಆಗಲೇ ಮುಂದಕ್ಕೆ ಸರಿದಿತ್ತು. "ಕೇಳ್ತಾ ಇಲ್ಲ," ಎಂದಳು.

ದೊಡ್ಡಕ್ಕ ಪರದೆಯ ಕಡೆ ಒಮ್ಮೆ ನೋಡಿ ಹೊರಟರು.

ಅದಾದ ಕೆಲವೇ ದಿನಗಳಲ್ಲಿ ಅಮ್ಮ ಬಚ್ಚಲಿನಲ್ಲಿ ಜಾರಿ ಬಿದ್ದರು. ಜೇಡಮ್ಮ ನಿರ್ದೇಶಕರ ಸಭೆಯಲ್ಲಿದ್ದಳು. ಜೇಬಿನಲ್ಲಿ ಫೋನು ಬೆಳಗಿತು, ಆರಿತು, ಮತ್ತೆ ಬೆಳಗಿತು. ಬೆಕ್ಕಿನ ಸಮಾಚಾರವೇ ಇರಬೇಕೆಂದುಕೊಂಡಳು. ಕೊನೆಗೆ ಪಕ್ಕದ ಮನೆಯಾಕೆ ಆಂಬುಲೆನ್ಸಿನಲ್ಲಿ ಕೂರಿಸಿಕೊಂಡು ಬಂದ ಮೇಲೆಯೇ ಅವಳಿಗೆ ತಿಳಿದದ್ದು. ಸೊಂಟದ ಮೂಳೆ ಮುರಿದಿತ್ತು. ಸ್ಟ್ರೆಚರಿನ ಮೇಲಿನಿಂದ ಅಮ್ಮ ಅವಳ ಮುಖ ನೋಡಿ, "ನೀನು ಕೆಲಸದಲ್ಲಿರ್ತೀಯ ಅಂತ ಗೊತ್ತಿತ್ತು ಪುಟ್ಟಿ, ಆದ್ರೂ ಮಾಡ್ದೆ," ಎಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. 

ಆಪರೇಷನ್ ಚೆನ್ನಾಗಿಯೇ ಆಯಿತು. ಹೊಸ ಬ್ಲಾಕಿನಲ್ಲಿ, ಕಾರಿಡಾರಿನ ಕೊನೆಗೆ, ಗದ್ದಲವಿಲ್ಲದ ಒಂದು ಕೋಣೆ ಕೊಟ್ಟರು. ಒಂದೇ ಕೊರತೆಯೆಂದರೆ ಅಲ್ಲಿನ ಕರೆಗಂಟೆ ಹೊಸ ಮಾದರಿಯದು, ದುಭಾಷಿಯೊಂದಿಗೆ ಹೊಂದುತ್ತಿರಲಿಲ್ಲ. ಗಂಟೆಮಾಮ ಕಿವಿಯ ಸ್ಕ್ರೂಡ್ರೈವರ್ ತೆಗೆದು, "ಇದಕ್ಕೂ ಅದಕ್ಕೂ ಹಾವು ಮುಂಗುಸಿ. ಹಳೇದೊಂದು ಗಟ್ಟಿ ಮಾಲು ಹಾಕ್ತೀನಿ ಬಿಡಿ ಮೇಡಂ. ನಿಮ್ಮಮ್ಮ ಅಂದ್ರೆ ನಮ್ಮಮ್ಮ ಇದ್ದ ಹಾಗೆ," ಎಂದ. ಅವಳು ಸಂಜೆ ಬಂದು ನೋಡುವಷ್ಟರಲ್ಲಿ ಹಾಕಿ ಆಗಿತ್ತು. ಒತ್ತಿ ನೋಡಿದರೆ ಹಾಸಿಗೆಯ ಮೇಲಿನ ಪುಟ್ಟ ದೀಪ ಹತ್ತಿತು. ದೀಪ ಹತ್ತಿದ ಮೇಲೆ ಇನ್ನೇನು ನೋಡುವುದು?

"ಇಲ್ಲಿಂದ ನನಗೆ ಫೋನ್ ಮಾಡೋದೇನೂ ಬೇಡಮ್ಮ," ಎಂದು ಅಮ್ಮನ ಫೋನನ್ನು ತನ್ನ ಚೀಲಕ್ಕೆ ಹಾಕಿಕೊಳ್ಳುತ್ತ ಹೇಳಿದಳು. "ನಾನು ಯಾವ ಮೂಲೇಲಿ ತಲೆ ತೂರಿಸ್ಕೊಂಡಿರ್ತೀನೋ. ಈ ಗುಂಡಿ ಒತ್ತು, ಓಡಿ ಬರ್ತಾರೆ. ಇಡೀ ಆಸ್ಪತ್ರೆ ಬೆಲ್ಲು ನಿನ್ನ ಮಗಳ ಕೈಲಿದೆ."

ಅಮ್ಮ ಪೆಟ್ಟಿಗೆಯ ಗುಂಡಿಯನ್ನು ಹೆಬ್ಬೆರಳಿನಿಂದ ಸವರಿ ನೋಡಿದರು. "ಹಂಗಾದ್ರೆ ಸರಿ," ಎಂದರು.

ಮರುದಿನ ಸಂಜೆ ಹೋದಾಗ ಅಮ್ಮನ ತುಟಿ ಒಣಗಿತ್ತು.

"ನೀರು ಕೇಳಬಾರದಾಗಿತ್ತೇನಮ್ಮ?"

"ಕೇಳ್ದೆ ಕಣೇ. ಗುಂಡಿ ಒತ್ತಿದ್ರೆ ದೀಪ ಹತ್ತತ್ತೆ. ಒಬ್ಬಳು ಬರ್ತಾಳೆ. ಬಂದು ಬಾಗಿಲ ಹತ್ರ ನಿಂತ್ಕೋತಾಳೆ. ನೀರು ಕೊಡಮ್ಮ ಅಂದ್ರೆ ಕೊಡಲ್ಲ."

"ಯಾರು? ಆಯಾನಾ?"

"ಯಾರೋ ಏನೋ. ವಯಸ್ಸಾಗಿದೆ. ಸುಮ್ನೆ ನೋಡ್ತಾ ನಿಂತಿರ್ತಾಳೆ, ಆಮೇಲೆ ಹೋಗ್ತಾಳೆ."

ಜೇಡಮ್ಮನ ಮೈ ಉರಿಯಿತು. ನೇರ ನರ್ಸುಗಳ ಮೇಜಿಗೆ ಹೋದಳು. ಅಲ್ಲಿದ್ದ ಹುಡುಗಿ ಗಾಬರಿಯಾಗಿ ಎದ್ದು ನಿಂತಳು. "ಇಲ್ಲ ಮೇಡಂ, ಆ ಕೋಣೆಯಿಂದ ಒಂದು ಸಲಾನೂ ಬೆಲ್ ಬಂದಿಲ್ಲ. ನಿಮ್ಮಮ್ಮ ಒಂಚೂರೂ ತೊಂದ್ರೆ ಕೊಡಲ್ಲ ಅಂತ ನಾವೇ ಮಾತಾಡ್ಕೊಳ್ತಿದ್ವಿ. ಮಾತ್ರೆ ಕೊಡೋ ಹೊತ್ತಿಗೆ ಹೋಗಿ ಬರ್ತೀವಿ ಅಷ್ಟೇ. ವಯಸ್ಸಾದ ಆಯಾ ಯಾರೂ ಈ ಮಹಡೀಲಿಲ್ಲ."

ನೋವಿನ ಔಷಧಿಗೆ ವಯಸ್ಸಾದವರಿಗೆ ಏನೇನೋ ಕಾಣುವುದುಂಟೆಂದು ಡಾಕ್ಟರು ಹೇಳಿದರು. ಜೇಡಮ್ಮ ನಂಬಿದಳು. ನಂಬುವುದು ಸುಲಭವಾಗಿತ್ತು. ಅಮ್ಮ ದಿನವಿಡೀ ಫೋನು ಮಾಡುತ್ತಿದ್ದವರು, ಇಲ್ಲಿ ಒಂದು ಸಲವೂ ಬೆಲ್ಲು ಒತ್ತಿಲ್ಲವೆಂದರೆ ಮರೆತಿರಬೇಕು, ಅಷ್ಟೇ. ಕೈಯಾರೆ ನೀರು ಕುಡಿಸಿ, ಹೂಜಿಯನ್ನು ಮಂಚದ ಪಕ್ಕದ ಮೇಜಿಗೆ ಎಳೆದಿಟ್ಟು, ನಾಳೆ ಬೇಗ ಬರುತ್ತೇನೆಂದು ಹೊರಟಳು.

ಮರುದಿನ ಪರದೆಯ ಮುಂದೆ ಕೂತಾಗಲೇ ಅವಳು ಆ ಎಣಿಕೆಯನ್ನು ಗಮನಿಸಿದ್ದು. ಆರನೇ ಕೋಣೆಯದು. ಮೊದಲು ದಿನಕ್ಕೊಮ್ಮೆಯೋ ಎರಡು ಸಲವೋ, ಅದೂ ಮಧ್ಯಾಹ್ನದ ಹೊತ್ತಿನಲ್ಲಿ ಸರಿಯುತ್ತಿದ್ದದ್ದು ಈಗ ಹೊತ್ತುಗೊತ್ತಿಲ್ಲದೆ ಏರಿತ್ತು. ಅವಳು ನೋಡುತ್ತಿದ್ದಂತೆಯೇ ಒಂದು ಹೆಚ್ಚಾಯಿತು. ಸ್ವಲ್ಪ ಬಿಟ್ಟು ಇನ್ನೊಂದು. ಆಮೇಲೆ ಬಿಡುವೇ ಇಲ್ಲದೆ ಒಂದರ ಹಿಂದೊಂದು. ತೇವಕ್ಕೆ ತಾಗುವ ವೈರು ಹೀಗೆ ಬಡಿದುಕೊಳ್ಳುವುದಿಲ್ಲ. ಇದು ಯಾರೋ ಗುಂಡಿಯ ಮೇಲಿಂದ ಕೈ ತೆಗೆಯದೆ ಒತ್ತುತ್ತಿರುವ ಹಾಗಿತ್ತು. ಪರದೆಯ ಮೇಲೆ ಚುಕ್ಕೆ ಮಾತ್ರ ಹಸಿರಾಗಿ, ಏನೂ ಆಗಿಲ್ಲವೆಂಬಂತೆ ಕೂತಿತ್ತು. ಅದು ಅವಳೇ ಮಾಡಿಟ್ಟ ಕಾನೂನು.

ಜೇಡಮ್ಮ ಇಂಥದ್ದನ್ನೆಲ್ಲ ನಂಬುವವಳಲ್ಲ. ಆದರೂ ಎದ್ದಳು. ಎಣಿಕೆಯನ್ನು ಫೋನಿನಲ್ಲಿ ತೆರೆದು ಹಿಡಿದುಕೊಂಡು ಹಳೇ ಬ್ಲಾಕಿಗೆ ಬಂದಳು. ದೊಡ್ಡಕ್ಕನ ಮೇಜು ಖಾಲಿಯಿತ್ತು. ಕಂಬಿ ಗೇಟು ಸರಿಸಿದಾಗ ಅದು ಕಿರುಗುಟ್ಟಿದ ಸದ್ದಿಗೆ ತಾನೇ ಬೆಚ್ಚಿದಳು. ಕೋಣೆಗಳ ಬಾಗಿಲುಗಳು ಸಾಲಾಗಿ ಮುಚ್ಚಿದ್ದವು. ಕೊನೆಯದು, ಆರನೇದು, ಮಾತ್ರ ಓರೆಯಾಗಿತ್ತು.

ಒಳಗೆ ಮಂಚ, ಗೋಡೆ, ಕಿಟಕಿ. ಎಲ್ಲ ಹಾಗೇ ಇದ್ದವು. ಕರೆಗಂಟೆಯ ಪೆಟ್ಟಿಗೆ ಇರಲಿಲ್ಲ. ಅದು ಇದ್ದ ಜಾಗದಲ್ಲಿ ಸುಣ್ಣ ಮಾಸದ ಒಂದು ಚೌಕ, ಅದರ ನಡುವಿನಿಂದ ಹೊರಬಿದ್ದ ಎರಡು ಬರಿಯ ವೈರು.

ಅವಳ ಕೈಯಲ್ಲಿದ್ದ ಫೋನಿನಲ್ಲಿ ಎಣಿಕೆ ಇನ್ನೂ ಏರುತ್ತಿತ್ತು. ಆರನೇ ಕೋಣೆ ಕರೆಯುತ್ತಿದೆ ಎನ್ನುತ್ತಿತ್ತು. ಅವಳು ಆರನೇ ಕೋಣೆಯೊಳಗೇ ನಿಂತಿದ್ದಳು. ಅಲ್ಲಿ ಕರೆಯಲು ಬೆರಳೂ ಇಲ್ಲ, ಗುಂಡಿಯೂ ಇಲ್ಲ.

ಎಷ್ಟು ಹೊತ್ತು ಹಾಗೆ ಮರಗಟ್ಟಿ ನಿಂತಿದ್ದಳೋ. ಏರುತ್ತಿದ್ದ ಎಣಿಕೆ ಥಟ್ಟನೆ ನಿಂತುಹೋಯಿತು. ಆ ನಿಂತದ್ದೇ ಅವಳನ್ನು ಬಡಿದೆಬ್ಬಿಸಿದ್ದು. ಕಿಟಕಿಯಾಚೆ ಹೊಸ ಬ್ಲಾಕಿನ ಗಾಜುಗಳು ಕಂಡವು. ಗಂಟೆಮಾಮನ ಮಾತು ನೆನಪಾಯಿತು: ಹಳೇದೊಂದು ಗಟ್ಟಿ ಮಾಲು ಹಾಕ್ತೀನಿ ಬಿಡಿ ಮೇಡಂ. ನಂಬರು ಗೋಡೆಗಲ್ಲ ಅಂಟಿರುವುದು, ಪೆಟ್ಟಿಗೆಗೆ. ಎಲ್ಲಿಯೂ ದಾಟಿಸಬೇಡ ಎಂದು ಬರೆದವಳು ತಾನು.

"ಅಮ್ಮಾ," ಎಂದಳು ಆ ಖಾಲಿ ಕೋಣೆಯಲ್ಲಿ. ಆಮೇಲೆ ಓಡಿದಳು.

ಅಮ್ಮ ಮಂಚದಿಂದ ಅರ್ಧ ಕೆಳಕ್ಕೆ ಜಾರಿ, ಆಪರೇಷನ್ ಆದ ಕಾಲಿನ ಮೇಲೆಯೇ ಭಾರ ಬಿಟ್ಟು ಬಿದ್ದಿದ್ದರು. ಹೂಜಿ ಉರುಳಿ ನೆಲವೆಲ್ಲ ನೀರು. ಕರೆಗಂಟೆಯ ಪೆಟ್ಟಿಗೆ ವೈರಿನ ಸಮೇತ ಕಿತ್ತು ಅವರ ಕೈಯಲ್ಲಿತ್ತು. ಹಾಸಿಗೆಯ ಮೇಲಿನ ಪುಟ್ಟ ದೀಪ ಆರಿತ್ತು. ಜೇಡಮ್ಮ ಕೂಗಿದ ಕೂಗಿಗೆ ಮಹಡಿಯವರೆಲ್ಲ ಓಡಿ ಬಂದರು.

ಮತ್ತೆ ಆಪರೇಷನ್ ಮಾಡಬೇಕಾಯಿತು. ಜೀವಕ್ಕೇನೂ ಆಗಲಿಲ್ಲ, ಆದರೆ ಇನ್ನು ಮೊದಲಿನಂತೆ ನಡೆದಾಡುವುದು ಕಷ್ಟವೆಂದರು. ಅಮ್ಮನಿಗೆ ಎಚ್ಚರವಾದಾಗ ಜೇಡಮ್ಮ ಅವರ ಅಂಗೈ ಹಿಡಿದು ಕೂತಿದ್ದಳು.  ಕೊನೆಗೆ, "ಯಾರೂ ಬರಲೇ ಇಲ್ವೇನಮ್ಮ?" ಎಂದಳು.

"ಬಂದಿದ್ಲಲ್ಲ, ಅವಳು," ಎಂದರು ಅಮ್ಮ. ಸ್ವರ ಸಣ್ಣಗಿತ್ತು, ಆದರೆ ತಡವರಿಸುತ್ತಿರಲಿಲ್ಲ. "ಅವತ್ತು ಒಳಗೇ ಬಂದ್ಲು. ನಾನು ಜಾರಿದಾಗ ಹಿಡ್ಕೊಳ್ಳೋಕೆ ಕೈ ಚಾಚಿದ್ಲು. ಪಾಪ, ಅವಳ ಕೈಲಿ ಆಗಲಿಲ್ಲ."

ಗಂಟೆಮಾಮ ಬಾಗಿಲಲ್ಲಿ ನಿಂತು ಮಗುವಿನಂತೆ ಅತ್ತ. "ನಾನೊಂದು ಮಾತು ಹೇಳಬೇಕಿತ್ತು ಮೇಡಂ. ಖಾಲಿ ಕೋಣೇದು ತಾನೇ ಅಂತ ಕಿತ್ತು ತಂದೆ. ದೀಪ ಹತ್ತಿತು, ಸರಿಯಾಯ್ತು ಅಂದ್ಕೊಂಡೆ."  ಜೇಡಮ್ಮ ಅವನನ್ನು ಯಾವ ಬಾಯಲ್ಲಿ ಬೈದಾಳು? ಅವನೂ ದೀಪವನ್ನೇ ನಂಬಿದ್ದ, ಅವಳೂ ಅದನ್ನೇ ನಂಬಿದ್ದಳು. ಹೋಗಿ ಕಂಟ್ರೋಲರಿನಲ್ಲಿ ಆ ಒಂದು ಸಾಲನ್ನು ಅಳಿಸಿದಳು. ವೈರು ತುಂಡಾದ ಪೆಟ್ಟಿಗೆಯನ್ನು ಎಸೆಯಲು ಮನಸ್ಸು ಬಾರದೆ ತನ್ನ ಮೇಜಿನ ಡ್ರಾಯರಿನಲ್ಲಿ ಇಟ್ಟುಕೊಂಡಳು.

ಒಂದು ದಿನ ದೊಡ್ಡಕ್ಕನ ಮೇಜಿನ ಮುಂದೆ ಹೋಗಿ ನಿಂತಳು.

"ಆರನೇ ಕೋಣೇಲಿ ಕೊನೆಗೆ ಯಾರಿದ್ರು ದೊಡ್ಡಕ್ಕ? ವಯಸ್ಸಾದ ಹೆಂಗಸೇನಾದ್ರೂ..."

ದೊಡ್ಡಕ್ಕ ಸುತ್ತುತ್ತಿದ್ದ ಹತ್ತಿಯ ಉಂಡೆಯನ್ನು ಕೆಳಗಿಟ್ಟರು.

"ಎಷ್ಟೋ ಜನ ಇದ್ದು ಹೋದ್ರು. ಯಾರು ಅಂತ ಹೇಳ್ಲಿ? ಎಲ್ರೂ ಕರೀತಿದ್ರು. ನಾವಿದ್ದದ್ದು ಇಬ್ಬರೋ ಮೂವರೋ. ಕರೆದಾಗೆಲ್ಲ ಹೋಗೋಕೆ ಆಗಿತ್ತೇನಮ್ಮ ನಮ್ಮ ಕೈಲಿ?"

ಅಮ್ಮ ಮನೆಗೆ ಬಂದರು. ಹಗಲು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಗೊತ್ತು ಮಾಡಿದ್ದಾಯಿತು. ಮಂಚದ ಪಕ್ಕದಲ್ಲೇ ಫೋನು ಇಟ್ಟು ಜೇಡಮ್ಮ ಹೇಳಿದಳು, "ಏನಿದ್ರೂ ಮಾಡಮ್ಮ. ಬೆಕ್ಕು ಬಂದ್ರೂ ಮಾಡು. ಈಗ ಸದ್ದಾಗತ್ತೆ, ನಾನು ತಗೋತೀನಿ." ಅಮ್ಮ ಹೂಂ ಎಂದರು. ಮಾಡಲಿಲ್ಲ. ಕೋಪವೇನೂ ಇರಲಿಲ್ಲ, ಸಂಜೆ ಬಂದರೆ ನಗುತ್ತಿದ್ದರು, ಮಾತಾಡುತ್ತಿದ್ದರು. ಕರೆಯುವುದನ್ನು ಮಾತ್ರ ಬಿಟ್ಟುಬಿಟ್ಟಿದ್ದರು. ನೀರು ಬೇಕಾದರೂ ಕೇಳುತ್ತಿರಲಿಲ್ಲ, ಯಾರಾದರೂ ಬಂದು ಕೊಡುವ ತನಕ ಸುಮ್ಮನೆ ಬಾಗಿಲ ಕಡೆ ನೋಡುತ್ತಿರುತ್ತಿದ್ದರು. ಕೆಲಸದ ನಡುವೆ ಜೇಡಮ್ಮ ಫೋನು ತೆಗೆದು ನೋಡುತ್ತಿದ್ದಳು. ಎಲ್ಲರೂ ಕರೆದಿರುತ್ತಿದ್ದರು, ಆ ಒಂದು ನಂಬರು ಬಿಟ್ಟು. ಒಂದು ಸಲ, ಒಂದೇ ಒಂದು ಸಲ ಬೆಕ್ಕಿನ ವಿಷಯಕ್ಕೆ ಕರೆಯಬಾರದೇ ಎಂದು ಕಾಯುತ್ತಿದ್ದಳು.

ಬೇರೆ ಆಸ್ಪತ್ರೆಯವರು ಬಂದದ್ದು ಅದಾದ ಮೇಲೆ. ಕೋಟು ತೊಟ್ಟ ಹೆಂಗಸರು ಗಂಡಸರು ಜೇಡಮ್ಮನ ಕೋಣೆ ತುಂಬ ನಿಂತರು. ನಿರ್ದೇಶಕರು ಪರದೆ ತೋರಿಸುತ್ತ, ಯಾವ ಸ್ವಿಚ್ಚು ಹೊಂದಿತು, ಯಾವುದು ಹೊಂದಲಿಲ್ಲ, ಹಳೆಯ ಬೆಲ್ಲುಗಳನ್ನು ಹೇಗೆ ಪಳಗಿಸಿದೆವು ಎಂದೆಲ್ಲ ಬಣ್ಣಿಸುತ್ತಿದ್ದರು. ಈಗ ಜೇಡಮ್ಮ ಹೊಸ ಕಟ್ಟಳೆಯೊಂದನ್ನು ತಂದಿದ್ದಳು: ಪೆಟ್ಟಿಗೆಯನ್ನು ಒಂದು ಗೋಡೆಯಿಂದ ಇನ್ನೊಂದಕ್ಕೆ ಹಾಕಿದರೆ ನರ್ಸುಗಳ ಮೇಜಿನ ಬಳಿ ಒಬ್ಬರು ನಿಂತು ಸದ್ದು ಕೇಳಿದ ಮೇಲೆಯೇ ಗಂಟೆಮಾಮ ಕೋಣೆ ಬಿಡಬೇಕು. ಅದನ್ನೂ ನಿರ್ದೇಶಕರು ತಮ್ಮದೇ ಯೋಚನೆಯೆಂಬಂತೆ ಹೇಳಿದರು. 

ಊಟದ ನಂತರದ ಹೊತ್ತು. ಪರದೆ ತುಂಬ ಹಸಿರು ಚುಕ್ಕೆಗಳು. ಹಳೇ ಬ್ಲಾಕಿನ ಕೊನೆಯಲ್ಲಿ, ಉಳಿದವುಗಳಿಂದ ದೂರದಲ್ಲಿ, ಒಂದು ಕೆಂಪಾಯಿತು.

ನಿರ್ದೇಶಕರ ಮಾತು ಅರ್ಧಕ್ಕೇ ನಿಂತಿತು. ಜೇಡಮ್ಮ ಮೆಲ್ಲಗೆ ಡ್ರಾಯರ್ ಎಳೆದಳು. ಪೆಟ್ಟಿಗೆ ಅಲ್ಲೇ ಇತ್ತು, ತುಂಡಾದ ಎರಡು ವೈರುಗಳನ್ನು ಚಾಚಿಕೊಂಡು. ಅವಳು ಡ್ರಾಯರ್ ಮುಚ್ಚಿದಳು.

"ಏನದು?" ಎಂದರು ಬಂದವರಲ್ಲೊಬ್ಬರು.

"ಏನೋ ಸಣ್ಣ ದೋಷ, ಈಗಲೇ ತೆಗೆಸ್ತೀವಿ," ಎಂದು ನಿರ್ದೇಶಕರು ಅವಳತ್ತ ಕಣ್ಣು ಬಿಟ್ಟರು. ಬೆರಳ ತುದಿಯಲ್ಲೇ ಇತ್ತು. ಒಂದು ಸಾಲು ಬರೆದರೆ ಮುಗಿಯುತ್ತಿತ್ತು.

"ಯಾರೋ ಕರೀತಿದಾರೆ ಸಾರ್," ಎಂದು ಜೇಡಮ್ಮ ಎದ್ದಳು. "ಹೋಗಿ ಬರ್ತೀನಿ."

ಹಳೇ ಬ್ಲಾಕಿನ ಕಾರಿಡಾರಿನಲ್ಲಿ ಟಿಂಗ್ ಟಿಂಗ್ ಎನ್ನುತ್ತಿತ್ತು. ದೊಡ್ಡಕ್ಕ ಆಗಲೇ ಅರ್ಧ ಎದ್ದಿದ್ದವರು, ಅವಳನ್ನು ನೋಡಿ ಮತ್ತೆ ಕೂತರು. ಜೇಡಮ್ಮ ಅವರ ಮೇಜಿನ ಪಕ್ಕದ ಫಿಲ್ಟರಿನಿಂದ ಒಂದು ಲೋಟ ನೀರು ಹಿಡಿದುಕೊಂಡಳು. ಚೆಲ್ಲದಂತೆ ಎರಡೂ ಕೈಯಲ್ಲಿ ಹಿಡಿದು, ಗೇಟನ್ನು ಮೊಣಕೈಯಿಂದ ಸರಿಸಿ, ಮುಚ್ಚಿದ ಬಾಗಿಲುಗಳನ್ನು ದಾಟಿ ಕೊನೆಯದರೊಳಕ್ಕೆ ಹೋದಳು.

ಗೋಡೆಯ ಮೇಲೆ ಸುಣ್ಣ ಮಾಸದ ಚೌಕ, ಎರಡು ವೈರು. ಒತ್ತಿ ನಿಲ್ಲಿಸಲು ಅಲ್ಲಿ ಏನೂ ಇರಲಿಲ್ಲ.

"ಬಂದೆ," ಎಂದಳು. "ಹೇಳಿ."

ಲೋಟವನ್ನು ಮಂಚದ ಪಕ್ಕದ ಕಿಟಕಿಯ ಕಟ್ಟೆಯ ಮೇಲಿಟ್ಟಳು. ದೂರದ ಸದ್ದು ಯಾವಾಗ ನಿಂತಿತೋ ಅವಳಿಗೆ ತಿಳಿಯಲಿಲ್ಲ. ಲೋಟದೊಳಗಿನ ನೀರು ಇನ್ನೂ ಅಲುಗುತ್ತಿತ್ತು. ಅದು ಅಲುಗುವುದು ನಿಲ್ಲುವ ತನಕ ಅವಳು ಅಲ್ಲೇ ನಿಂತಿದ್ದಳು.